ಕಟ್ಟೆ ಎಷ್ಟಾಯ್ತಂತೆ?



ಈ ಸಲ ಮೊದಲು ಒಂದು ತಪ್ಪೊಪ್ಪಿಗೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2023ರ ಸೆಪ್ಟೆಂಬರ್ ತಿಂಗಳು. ಮಳೆ ಕೈಕೊಟ್ಟಿತ್ತು. ಕಾವೇರಿ ನೀರಿನ ವಿಚಾರವಾಗಿ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದ ತಿಂಗಳು ಅದು. ಇಲ್ಲಿ ಚೆನ್ನೈನಲ್ಲಿ ಕೂತ ನಾವು ಬಸ್ಸಿನಲ್ಲಿ ಕನ್ನಡ ಮಾತಾಡುವಾಗ ದನಿ ಸ್ವಲ್ಪ ತಗ್ಗಿಸುತ್ತಿದ್ದೆವು. ನಮ್ಮ ಕನ್ನಡ ಕಾರ್ಯಕ್ರಮದ ಕೊನೆಯಲ್ಲಿ ಎಂದಿನಂತೆ ಜಲಾಶಯಗಳ ನೀರಿನ ಮಟ್ಟ ಓದುತ್ತಿದ್ದೆ. ಕಾಗದದಲ್ಲಿ ಎರಡು ಅಂಕಣ: ಗರಿಷ್ಠ ಮಟ್ಟ, ಇಂದಿನ ಮಟ್ಟ. ಕಣ್ಣು ಒಂದು ಅಂಕಣ ಆಚೆ ಜಾರಿತು. "ಕೆ.ಆರ್.ಎಸ್., ಇಂದಿನ ಮಟ್ಟ 124.80 ಅಡಿ" ಎಂದು ಸರಾಗವಾಗಿ ಓದಿ, ವಂದನೆ ಹೇಳಿ, ಎದ್ದುಬಿಟ್ಟೆ.

ನಿಜವಾದ ಮಟ್ಟ ಆಗ ನೂರು ಅಡಿಗಿಂತ ಕೆಳಗಿತ್ತು!

ಹತ್ತು ನಿಮಿಷ ಆಗಿರಲಿಲ್ಲ, ಫೋನುಗಳು ಶುರುವಾದವು. ಮೊದಲನೆಯವರು ಪೆರಂಬೂರಿನ ಒಬ್ಬ ಹಿರಿಯರು. "ಕಟ್ಟೆ ತುಂಬಿತಾ? ನಿಜವಾಗಿಯೂ?" ಎಂದು ಕೇಳಿದರು. ಆ ದನಿಯಲ್ಲಿದ್ದ ಆಸೆ ಕೇಳಿ ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಎರಡನೆಯವರು ಕೋಪದಲ್ಲಿದ್ದರು. "ಪಕ್ಕದ ಮನೆಯವರು ಈಗ ಏನಂತಾರೆ ಗೊತ್ತಾ? ನಿಮ್ಮ ಡ್ಯಾಮ್ ತುಂಬಿದೆ ಅಂತ ನಿಮ್ಮ ರೇಡಿಯೋನೇ ಹೇಳ್ತು, ಇನ್ಯಾಕೆ ನೀರು ಬಿಡಲ್ಲ ಅಂತಾರೆ!" ಮರುದಿನ ತಿದ್ದುಪಡಿ ಓದಿದೆ. ಆದರೆ ಗಾಳಿಯಲ್ಲಿ ಹೋದ ಮಾತನ್ನು ಹಿಂದಕ್ಕೆ ಕರೆಯಲಾಗುತ್ತದೆಯೇ?

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಗೋಡೆಯ ಮೇಲಿನ ಒಂದು ಗೆರೆಯ ಲೆಕ್ಕ ಇಷ್ಟು ಜನರ ಎದೆ ಬಡಿತ ಏರಿಸುತ್ತದಲ್ಲ, ಅದನ್ನು ಯಾರು ಓದುತ್ತಾರೆ? ಮೇಲಿನವನು ಓದಿದ್ದನ್ನು ಕೆಳಗಿನವನು ನಂಬಬೇಕು ಎಂಬ ಏರ್ಪಾಡು ಈ ದೇಶದಲ್ಲಿ ಹೇಗೆ ಬಂತು? ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಮಂಡ್ಯದ ಕಡೆಯ ಹಳ್ಳಿಯಲ್ಲಿ ಬೆಳೆದವ. ನಮ್ಮ ಕಡೆ ಕೆ.ಆರ್.ಎಸ್. ಅನ್ನುವವರು ಕಡಿಮೆ, ಕನ್ನಂಬಾಡಿ ಕಟ್ಟೆ, ಇಲ್ಲವೇ ಬರೀ ಕಟ್ಟೆ. ಜೂನ್ ಬಂತೆಂದರೆ ತಾತ ಬೆಳಿಗ್ಗೆ ಪೇಪರ್ ಬಂದೊಡನೆ, "ಕಟ್ಟೆ ಎಷ್ಟಾಯ್ತಂತೆ ನೋಡು ಮಗಾ" ಎನ್ನುತ್ತಿದ್ದರು. ನಾನು ಓದಿ ಹೇಳಬೇಕು. ಸಂಖ್ಯೆ ಓದಲು ಕಲಿತದ್ದು ಶಾಲೆಯಲ್ಲಲ್ಲ, ಆ ಪುಟ್ಟ ಚೌಕದಲ್ಲಿ. ನಾಲೆಗೆ ಪೂರ್ತಿ ನೀರು ಬರುತ್ತದೋ, ಕಟ್ಟು ಪದ್ಧತಿಯಲ್ಲಿ ದಿನ ಎಣಿಸಿ ಕೊಡುತ್ತಾರೋ, ಭತ್ತವೋ ರಾಗಿಯೋ, ಎಲ್ಲ ಆ ಅಂಕಿಯ ಮೇಲೆ ನಿಂತಿತ್ತು.

ತಾತನಿಗಿಂತ ಹಿಂದಿನ ಕಾಲದಲ್ಲಿ ಈ ಕೆಲಸ ನೀರಗಂಟಿಯದು. ಊರ ಕೆರೆಯ ತೂಬು ಎತ್ತುವವನು, ಇಳಿಸುವವನು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುವವನು ಅವನೇ. ತಮಿಳು ಸೀಮೆಯಲ್ಲೂ ಇದೇ ಕೆಲಸದವನಿದ್ದ, ಅಲ್ಲಿ ಅವನ ಹೆಸರು ನೀರ್ಕಟ್ಟಿ. ಹೆಸರೂ ಅಣ್ಣತಮ್ಮಂದಿರಂತಿದೆ, ನೋಡಿ. ಕೆರೆ ಕಣ್ಣೆದುರಿಗೇ ಇದ್ದುದರಿಂದ ಅವನು ಸುಳ್ಳು ಹೇಳುವಂತಿರಲಿಲ್ಲ. ಏರಿಯ ಮೇಲೆ ಹತ್ತಿ ನಿಂತರೆ ಯಾರಿಗೂ ನೀರು ಕಾಣುತ್ತದೆ.

ನಾವಿರುವ ಈ ಚೆನ್ನೈನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಊರು ಉತ್ತರಮೇರೂರು. ಕಾಂಚೀಪುರಂ ಜಿಲ್ಲೆ. ಅಲ್ಲಿನ ವೈಕುಂಠ ಪೆರುಮಾಳ್ ಗುಡಿಯ ಗೋಡೆಯ ಮೇಲೆ ಮೊದಲನೆಯ ಪರಾಂತಕ ಚೋಳನ ಕಾಲದ ಶಾಸನಗಳಿವೆ, ಕ್ರಿ.ಶ. 919 ಮತ್ತು 921ರವು. ಗಡಿಗೆಯಲ್ಲಿ ಓಲೆ ಹಾಕಿ ಎತ್ತಿ ಊರ ಸಮಿತಿಗಳಿಗೆ ಜನರನ್ನು ಆರಿಸುತ್ತಿದ್ದ ಕ್ರಮ ಅದರಲ್ಲಿದೆ. ಆ ಸಮಿತಿಗಳಲ್ಲಿ ಒಂದು 'ಏರಿ ವಾರಿಯಂ', ಅಂದರೆ ಕೆರೆ ಸಮಿತಿ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ಅವರಿಗೆ ಏರಿ ಎಂದರೆ ಕೆರೆಯೇ. ನನಗೆ ಹಿಡಿಸಿದ ಷರತ್ತು ಒಂದಿದೆ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ಆಯ್ಕೆಗೆ ನಿಲ್ಲುವಂತಿಲ್ಲ, ಅವನ ಹತ್ತಿರದ ನೆಂಟರೂ ನಿಲ್ಲುವಂತಿಲ್ಲ. ಸಾವಿರದ ನೂರು ವರ್ಷದ ಹಿಂದಿನ ಮಾತು!

ಊರ ಕೆರೆಗೆ ಇದು ಸಾಕು. ನದಿಗೆ ಅಣೆಕಟ್ಟು ಬಂದಾಗ ಲೆಕ್ಕ ಕೆಟ್ಟಿತು. ಮೇಲೆ ನೀರು ನಿಲ್ಲಿಸಿದವನು ಕೆಳಗಿನವನಿಗೆ ಕಾಣುವುದಿಲ್ಲ. ನಡುವೆ ನೂರಾರು ಮೈಲಿ.

ಕನ್ನಂಬಾಡಿಯ ಕೆಲಸ 1911ರಲ್ಲಿ ಆರಂಭವಾದಾಗ ಮದ್ರಾಸ್ ಸರ್ಕಾರಕ್ಕೆ ಕಾಡಿದ್ದು ಇದೇ ಭಯ. ವಿಶ್ವೇಶ್ವರಯ್ಯನವರ ಯೋಜನೆಯಷ್ಟು ಎತ್ತರಕ್ಕೆ ಮೈಸೂರು ಕಟ್ಟಿಬಿಟ್ಟರೆ ತಂಜಾವೂರಿನ ಗದ್ದೆಗಳ ಗತಿ ಏನು? ಜಗಳ ಪಂಚಾಯಿತಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ ಮಧ್ಯಸ್ಥರಾಗಿ 1914ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟರು. ಮದ್ರಾಸ್ ಒಪ್ಪಲಿಲ್ಲ, ಮೇಲ್ಮನವಿ ಹೋಯಿತು. ಹತ್ತು ವರ್ಷ ಎಳೆದಾಡಿ ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದವಾಯಿತು. ಈ ಒಪ್ಪಂದವನ್ನು ಬೈಯದವರು ನಮ್ಮ ಕಡೆ ಇಲ್ಲ. ನಾನೂ ಚಿಕ್ಕಂದಿನಿಂದ ಬೈಗುಳ ಕೇಳಿಯೇ ಬೆಳೆದವ. ಆದರೆ ಅದರಲ್ಲಿ ಒಂದು ಸಂಗತಿ ಕುತೂಹಲದ್ದು. ಮೈಸೂರು ಎಷ್ಟು ನೀರು ನಿಲ್ಲಿಸಬಹುದು ಎಂಬುದನ್ನು, ತಿರುಚ್ಚಿ ಹತ್ತಿರದ ಮೇಲಣೆಯಲ್ಲಿ ನದಿ ಎಷ್ಟು ಅಡಿ ಹರಿಯಬೇಕು ಎಂಬುದಕ್ಕೆ ಕಟ್ಟಿಹಾಕಿದ್ದರು. ತಿಂಗಳು ತಿಂಗಳಿಗೆ ಇಷ್ಟಿಷ್ಟು ಅಡಿ ಎಂದು. ಅಂದರೆ ಮಂಡ್ಯದ ಗದ್ದೆಯ ಹಣೆಬರಹ ತಿರುಚ್ಚಿಯ ಒಂದು ಅಳತೆ ಕಂಬದ ಮೇಲೆ ಬರೆದಿತ್ತು.

ಈಗ ಒಂದು ಸಣ್ಣ ತೊಡಕು ಹೇಳುತ್ತೇನೆ. ಪತ್ರಿಕೆಯ ಆ ಚೌಕವನ್ನು ನೀವೂ ನೋಡಿರುತ್ತೀರಿ. ಕೆ.ಆರ್.ಎಸ್. 124.80 ಅಡಿ. ತುಂಗಭದ್ರಾ 1633 ಅಡಿ. ಆಲಮಟ್ಟಿ 519.60 ಮೀಟರ್. ಹಾಗಾದರೆ ತುಂಗಭದ್ರಾ ಕನ್ನಂಬಾಡಿಯ ಹದಿಮೂರು ಪಟ್ಟು ಆಳವೇ? ಹೈಸ್ಕೂಲಿನವರೆಗೂ ನಾನು ಹಾಗೆಯೇ ತಿಳಿದಿದ್ದೆ, ನಗಬೇಡಿ. ಕೆ.ಆರ್.ಎಸ್. ಅಳತೆ ನದಿಯ ತಳದಿಂದ, ತುಂಗಭದ್ರಾ ಅಳತೆ ಸಮುದ್ರಮಟ್ಟದಿಂದ. ಮೆಟ್ಟೂರಿನ 120 ಅಡಿ ಕೂಡ ಅಲ್ಲಿನ ತಳದಿಂದ ಎಣಿಸಿದ್ದು, ಸಮುದ್ರಮಟ್ಟದಿಂದ ಎಣಿಸಿದರೆ ಅದು 790 ಅಡಿ. ಮುಂಬೈಯಲ್ಲಿರುವ ನಮ್ಮವರು ವಿಹಾರ್, ತುಳಸಿ, ತಾನ್ಸಾ ಕೆರೆಗಳ ಮಟ್ಟ ನೋಡುವಾಗ 'ಟೌನ್ ಹಾಲ್ ಡೇಟಮ್' ಎಂಬ ಮಾತು ಕಂಡಿರಬಹುದು. ಅದು ಆ ನಗರದ ಟೌನ್ ಹಾಲ್ ಹೆಸರಿನ ಗುರುತಿನಿಂದ ಎಣಿಸುವ ಅಳತೆ. ಒಂದೊಂದು ಕಟ್ಟೆಗೆ ಒಂದೊಂದು ಸೊನ್ನೆ.

ದೇಶಕ್ಕೆಲ್ಲ ಒಂದೇ ಸೊನ್ನೆ ಬೇಕೆಂದು ಹೊರಟವರು ಸರ್ವೆ ಇಲಾಖೆಯವರು. 1858ರಲ್ಲಿ ಮಟ್ಟ ಅಳೆಯುವ ಕೆಲಸ ಹಿಡಿದು ಅರ್ಧ ಶತಮಾನ ನಡೆದರು. ಕಡಲ ದಂಡೆಯ ಒಂಬತ್ತು ಕಡೆ ಉಬ್ಬರವಿಳಿತ ಅಳೆದು ಸರಾಸರಿ ಸಮುದ್ರಮಟ್ಟ ಹಿಡಿದು, ಎಲ್ಲ ಅಳತೆಯನ್ನೂ 1909ರಲ್ಲಿ ಒಂದಕ್ಕೊಂದು ಹೊಂದಿಸಿದರು. ಕರಾಚಿ, ಮುಂಬೈ, ಮದ್ರಾಸ್, ಕೊಚ್ಚಿ, ವಿಶಾಖಪಟ್ಟಣ... ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಕಾರವಾರದವರು ಯಾರಾದರೂ ಇದನ್ನು ಓದುತ್ತಿದ್ದರೆ ಮೀಸೆ ತಿರುವಿಕೊಳ್ಳಬಹುದು.

ಸೊನ್ನೆ ಒಂದಾಯಿತು, ಆದರೆ ಲೆಕ್ಕ ಒಂದು ಕಡೆ ಸೇರಲು ಬೇರೆ ಮನಸ್ಸು ಬೇಕಿತ್ತು. ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಆಗ ಕಾರ್ಮಿಕ ಖಾತೆ ಡಾ. ಬಿ.ಆರ್. ಅಂಬೇಡ್ಕರ್ ಅವರದು. ನೀರಾವರಿ, ವಿದ್ಯುತ್ತು ಅವರ ಖಾತೆಯಲ್ಲೇ ಬರುತ್ತಿದ್ದವು. ನದಿಗಳಿಗೆ ದೇಶಮಟ್ಟದ ತಾಂತ್ರಿಕ ಸಂಸ್ಥೆಯೊಂದು ಬೇಕೆಂಬ ಅವರ ಸಲಹೆಯಂತೆ 1945ರ ಏಪ್ರಿಲ್‌ನಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಹುಟ್ಟಿತು. ಎ.ಎನ್. ಖೋಸ್ಲಾ ಮೊದಲ ಅಧ್ಯಕ್ಷರು. ಸಂವಿಧಾನದ ಅಂಬೇಡ್ಕರ್ ನಮಗೆಲ್ಲ ಗೊತ್ತು, ನೀರಿನ ಅಂಬೇಡ್ಕರ್ ಪಠ್ಯಪುಸ್ತಕದಲ್ಲಿ ಅಷ್ಟಾಗಿ ಸಿಗುವುದಿಲ್ಲ. 1951ರಲ್ಲಿ ವಿದ್ಯುತ್ ಆಯೋಗವೂ ಅದರೊಡನೆ ಸೇರಿ, 1974ರಲ್ಲಿ ಮತ್ತೆ ಬೇರೆಯಾಗಿ, ಇಂದಿನ ಕೇಂದ್ರ ಜಲ ಆಯೋಗ ಉಳಿಯಿತು.

ಈ ಆಯೋಗ ಪ್ರತಿ ಗುರುವಾರ ದೇಶದ ಪ್ರಮುಖ ಜಲಾಶಯಗಳ ಒಂದು ಪಟ್ಟಿ ಹೊರಡಿಸುತ್ತದೆ. ಪಟ್ಟಿಯಲ್ಲಿ 2013ರ ಸುಮಾರಿಗೆ 85 ಜಲಾಶಯಗಳಿದ್ದವು, ಆಮೇಲೆ 91 ಆಯಿತು, 2024ರಲ್ಲಿ 150 ಇತ್ತು, ಅಲ್ಲಿಂದಲೂ ಬೆಳೆದಿದೆ. ಆ 150ರ ಒಟ್ಟು ಬಳಕೆಯೋಗ್ಯ ಸಾಮರ್ಥ್ಯ 178.784 ಶತಕೋಟಿ ಘನಮೀಟರ್, ದೇಶದಲ್ಲಿ ಕಟ್ಟಿರುವ ಒಟ್ಟು ಸಂಗ್ರಹದ ಶೇಕಡಾ 69ರಷ್ಟು. ನನಗೆ ಇಷ್ಟವಾದದ್ದು ಮೊತ್ತವಲ್ಲ, ಅಂಕಣಗಳು. ಇಂದಿನ ಸಂಗ್ರಹದ ಪಕ್ಕ ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂದಿರುತ್ತದೆ, ಅದರ ಪಕ್ಕ ಹತ್ತು ವರ್ಷದ ಸರಾಸರಿ. ತಾತನಿಗೂ ಬೇಕಾಗಿದ್ದದ್ದು ಅದೇ. ಮಟ್ಟ ಓದಿ ಹೇಳಿದರೆ, "ಹೋದ ವರ್ಷ ಇಷ್ಟೊತ್ತಿಗೆ?" ಎಂಬ ಎರಡನೆಯ ಪ್ರಶ್ನೆ ತಪ್ಪುತ್ತಿರಲಿಲ್ಲ.

ಆದರೆ ದೆಹಲಿಯವರು ಬಂದು ಅಳೆಯುವುದಿಲ್ಲ. ಅಣೆಕಟ್ಟಿನ ಮೇಲಿರುವ ರಾಜ್ಯದ ನೌಕರ ಬೆಳಿಗ್ಗೆ ಓದಿದ್ದೇ ಮೇಲಕ್ಕೆ ಹೋಗುವುದು. ಕಲ್ಲುಗೋಡೆಗೆ ಬಳಿದ ಅಳತೆ ಪಟ್ಟಿ, ಗಾಳಿ ಬೀಸಿದರೆ ಅಲೆ ಏರಿಳಿಯುತ್ತದೆ, ನಡುವಿನದನ್ನು ಅಂದಾಜಿಸಿ ಓದಬೇಕು. ಈಗ ಹಲವು ಕಡೆ ರಾಡಾರ್ ಯಂತ್ರ ಬಂದಿದೆ, ಪಟ್ಟಿಯೂ ಇದೆ.

ನಾವು ದಿನಾ ಓದುವ 'ಒಳಹರಿವು ಇಷ್ಟು ಸಾವಿರ ಕ್ಯೂಸೆಕ್ಸ್' ಎಂಬುದನ್ನು ಸಾಮಾನ್ಯವಾಗಿ ಯಾರೂ ನೇರ ಅಳೆಯುವುದಿಲ್ಲ ಎಂದರೆ ನಂಬುತ್ತೀರಾ? ನಿನ್ನೆಯ ಮಟ್ಟ, ಇಂದಿನ ಮಟ್ಟ, ನಡುವೆ ಎಷ್ಟು ಬಿಟ್ಟರು, ಇವನ್ನು ಕೂಡಿ ಕಳೆದು ತೆಗೆದದ್ದು ಅದು. ಕನ್ನಂಬಾಡಿ ತುಂಬಿದಾಗ ಹಿನ್ನೀರು ಸುಮಾರು 130 ಚದರ ಕಿಲೋಮೀಟರ್ ಹರಡುತ್ತದೆ. ಅಷ್ಟು ಅಗಲದ ಮೇಲೆ ಒಂದೇ ಒಂದು ಅಂಗುಲ ತಪ್ಪಿ ಓದಿದರೆ, ನಾನು ಹಾಕಿದ ಸ್ಥೂಲ ಲೆಕ್ಕದಂತೆ, ಆ ದಿನದ ಒಳಹರಿವಿನಲ್ಲಿ ಸಾವಿರ ಕ್ಯೂಸೆಕ್ಸಿಗೂ ಮೀರಿ ವ್ಯತ್ಯಾಸ ಬರುತ್ತದೆ. ನಾನಂತೂ ಇಪ್ಪತ್ತೈದು ಅಡಿ ತಪ್ಪಿದವ.

ಇನ್ನೊಂದು ಮೋಸ ಹೂಳಿನದು. ತುಂಗಭದ್ರಾ 1953ರಲ್ಲಿ ಆರಂಭವಾದಾಗ 1633 ಅಡಿಗೆ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೂಳಿನ ಸಮೀಕ್ಷೆಗಳಾದ ಮೇಲೆ ಅದೇ 1633 ಅಡಿಗೆ 105.788 ಎಂದು ಪಟ್ಟಿಯಲ್ಲಿ ತಿದ್ದಿದರು. ಗೋಡೆಯ ಗೆರೆ ಅಲ್ಲೇ ಇದೆ, ನೀರು ಮಾತ್ರ ಐದನೇ ಒಂದು ಭಾಗದಷ್ಟು ಹೋಗಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ರೈತ 'ಡ್ಯಾಮ್ ತುಂಬಿದೆ' ಎಂಬ ಸುದ್ದಿ ಕೇಳಿ ಬಿತ್ತಿದರೆ ಅವನಪ್ಪನ ಕಾಲದ 'ತುಂಬಿದೆ' ಅದಲ್ಲ. 2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿ ಮುಗಿಸಲು ವಾರ ಹಿಡಿಯಿತು. ಆ ವಾರ ನಮ್ಮ ಸ್ಟುಡಿಯೋಗೆ ಬಂದ ಫೋನುಗಳಲ್ಲಿ ಎಲ್ಲರ ಪ್ರಶ್ನೆ ಒಂದೇ: "ಎಷ್ಟು ಅಡಿ ಇಳೀತು?"

ಇನ್ನು ನಿಮ್ಮಲ್ಲಿ ಕೆಲವರು ಕೇಳುವ ಮಾತಿಗೆ ಬರುತ್ತೇನೆ. ಚೆನ್ನೈನಲ್ಲಿ ಕೂತವರಿಗೆ ಗದ್ದೆಯಿಲ್ಲ, ನಾಲೆಯಿಲ್ಲ, ಕರ್ನಾಟಕದ ಕಟ್ಟೆಗಳ ಮಟ್ಟ ಯಾಕೆ?

ನಿಮ್ಮ ಮನೆಯ ನಲ್ಲಿ ತಿರುಗಿಸಿ ನೋಡಿ. 2004ರಿಂದ ಈ ನಗರಕ್ಕೆ ವೀರಾಣಂ ಕೆರೆಯಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ನೀರು ಬರುತ್ತಿದೆ. ವೀರಾಣಂಗೆ ನೀರು ಎಲ್ಲಿಂದ? ಕೊಳ್ಳಿಡಂನಿಂದ, ಅಂದರೆ ಕಾವೇರಿಯ ಕವಲಿನಿಂದ. (ಆ ಕೆರೆಯ ಹೆಸರಿನ ಮೂಲ 'ವೀರನಾರಾಯಣ'. ಅದು ಉತ್ತರಮೇರೂರು ಶಾಸನದ ಅದೇ ಪರಾಂತಕನ ಬಿರುದು!) ಕನ್ನಂಬಾಡಿ, ಮೆಟ್ಟೂರು, ಮೇಲಣೆ, ಕೆಳ ಅಣೆ, ವೀರಾಣಂ, ಆಮೇಲೆ ನಿಮ್ಮ ಬಿಂದಿಗೆ. ಇನ್ನೊಂದು ದಾರಿ ಪೂಂಡಿಯದು. 1983ರ ತೆಲುಗು ಗಂಗಾ ಒಪ್ಪಂದದಂತೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ತಮ್ಮ ಕೃಷ್ಣಾ ಪಾಲಿನಿಂದ ತಲಾ 5 ಟಿ.ಎಂ.ಸಿ. ಚೆನ್ನೈಗೆ ಬಿಟ್ಟುಕೊಟ್ಟವು. ಆವಿಯಾಗಿ ಹೋಗುವುದಕ್ಕೆ 3 ಕಳೆದು 12. ಅದು ಶ್ರೀಶೈಲ, ಸೋಮಶಿಲಾ, ಕಂಡಲೇರು ದಾಟಿ 1996ರಲ್ಲಿ ಮೊದಲ ಬಾರಿ ಇಲ್ಲಿಗೆ ಮುಟ್ಟಿತು. ಆಲಮಟ್ಟಿಯ ಅಂಕಿ ನಿಮಗೆ ದೂರದ್ದಲ್ಲ, ಮಿತ್ರರೇ.

ಮತ್ತೆ, ಮಟ್ಟ ಗೊತ್ತಿದ್ದರೆ ಸಾಲದು ಎಂಬುದನ್ನು ನಾವು ಈ ಊರಿನಲ್ಲೇ ಕಂಡಿದ್ದೇವೆ. 2015ರ ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ಸ್ ಅಡ್ಯಾರ್ ನದಿಗೆ ಬಿಟ್ಟರು. 24 ಅಡಿ ಆಳದ ಕೆರೆ, ಮಟ್ಟ ಪ್ರತಿದಿನ ದಾಖಲಾಗುತ್ತಲೇ ಇತ್ತು. ಆ ರಾತ್ರಿ ಸೈದಾಪೇಟೆ, ಕೋಟೂರುಪುರದ ಕಡೆ ಇದ್ದವರಿಗೆ ಅಂಕಿ ಬೇಡ, ಗೋಡೆಯ ಮೇಲಿನ ನೀರಿನ ಕಲೆ ಸಾಕು. ಬಿಟ್ಟ ರೀತಿ ಸರಿಯಿರಲಿಲ್ಲ ಎಂದು ಮಹಾಲೇಖಪಾಲರ ವರದಿ ಹೇಳಿತು, ಅದು ವಿಧಾನಸಭೆಗೆ ಬಂದದ್ದು 2018ರಲ್ಲಿ. ನಾಲ್ಕೇ ವರ್ಷಕ್ಕೆ, 2019ರ ಜೂನ್‌ನಲ್ಲಿ, ಅದೇ ಕೆರೆಯ ತಳ ಬಿರುಕು ಬಿಟ್ಟಿತ್ತು. ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂತು.

ಕಾವೇರಿಗೆ ಮರಳೋಣ. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ಮಧ್ಯಂತರ ಆದೇಶದಲ್ಲಿ 205 ಟಿ.ಎಂ.ಸಿ. ಎಂದಿತು. ಆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಏನಾಯಿತೆಂದು ಅಲ್ಲಿದ್ದು ಇಲ್ಲಿಗೆ ಬಂದವರು ನಿಮ್ಮಲ್ಲೇ ಇದ್ದೀರಿ. 2007ರ ಅಂತಿಮ ತೀರ್ಪಿನಲ್ಲಿ 192, ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಅದನ್ನು 177.25ಕ್ಕೆ ಇಳಿಸಿತು. ಎಲ್ಲಿ ಅಳೆಯಬೇಕು? ಗಡಿಯ ಬಿಳಿಗುಂಡ್ಲುವಿನಲ್ಲಿ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ. 1924ರ ಕಂಬ ತಿರುಚ್ಚಿಯಲ್ಲಿ ಮದ್ರಾಸಿನವರ ಅಂಗಳದಲ್ಲಿತ್ತು. ಈ ಕಂಬ ಗಡಿಯ ಮೇಲೆ, ಮೂರನೆಯವನ ಕೈಯಲ್ಲಿದೆ. ಅದೇ ವರ್ಷದ ಜೂನ್‌ನಲ್ಲಿ ಬಂದ ಕಾವೇರಿ ನೀರು ನಿಯಂತ್ರಣ ಸಮಿತಿ ಎಂಟು ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ಒಂದೇ ಕಡೆ ತರಿಸಿಕೊಳ್ಳುತ್ತದೆ: ನಮ್ಮ ಹೇಮಾವತಿ, ಹಾರಂಗಿ, ಕಬಿನಿ, ಕೆ.ಆರ್.ಎಸ್., ತಮಿಳುನಾಡಿನ ಮೆಟ್ಟೂರು, ಕೆಳ ಭವಾನಿ, ಅಮರಾವತಿ, ಕೇರಳದ ಬಾಣಾಸುರಸಾಗರ. ಜಗಳ ನಿಂತಿತೇ? 2023 ನೋಡಿದವರು ಹಾಗೆ ಹೇಳಲಾರರು. ಆದರೆ ಆ ವರ್ಷ ದೆಹಲಿಯ ಸಭೆಗಳಲ್ಲಿ ಎರಡೂ ಕಡೆಯವರು 'ಅವರ ಕಟ್ಟೆಯಲ್ಲಿ ಎಷ್ಟಿದೆ' ಎಂದು ಊಹಿಸಬೇಕಾಗಿರಲಿಲ್ಲ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಕಡಿಮೆ ಮಳೆಯ ವರ್ಷದ ನಷ್ಟ ಹೇಗೆ ಹಂಚಿಕೊಳ್ಳಬೇಕು ಎಂಬುದರ ಮೇಲಷ್ಟೇ ಜಗಳ. ನನ್ನ ಮಟ್ಟಿಗೆ ಇದು ಸಣ್ಣ ಮುನ್ನಡೆಯಲ್ಲ.

ನಮ್ಮ ಕೆಳಮನೆಯಲ್ಲಿ ಒಬ್ಬ ಪಾಟಿ ಇದ್ದಾರೆ. ಅವರ ತವರು ಮನ್ನಾರ್‌ಗುಡಿ ಕಡೆ, ತಮ್ಮಂದಿರು ಈಗಲೂ ಅಲ್ಲಿ ಭತ್ತ ಬೆಳೆಯುತ್ತಾರೆ. ಜೂನ್ 12 ಅವರಿಗೆ ಹಬ್ಬದ ದಿನ, ಕುರುವೈ ಬೆಳೆಗೆ ಮೆಟ್ಟೂರಿನ ಬಾಗಿಲು ತೆರೆಯುವ ವಾಡಿಕೆಯ ದಿನ. 2024ರಲ್ಲಿ ಅಂದು ತೆರೆಯಲಾಗಲಿಲ್ಲ, ಜುಲೈ ಕೊನೆಯವರೆಗೆ ಕಾಯಬೇಕಾಯಿತು. ಅದಕ್ಕೂ ಹಿಂದಿನ ವರ್ಷ ನಾನು ತಪ್ಪು ಓದಿದ ಸಂಜೆ ಅವರು ಮೆಟ್ಟಿಲ ಬಳಿ ಸಿಕ್ಕಿದ್ದರು. ಕನ್ನಡ ಬಾರದಿದ್ದರೂ ನಮ್ಮ ಕಾರ್ಯಕ್ರಮದ ಕೊನೆಯ ಎರಡು ನಿಮಿಷ ಹಾಕುತ್ತಾರೆ, ಕೆ.ಆರ್.ಎಸ್. ಹೆಸರೂ ಅಂಕಿಯೂ ಅವರಿಗೆ ತಿಳಿಯುತ್ತದೆ. ಜಗಳವಾಡುತ್ತಾರೆಂದು ಹೆದರಿದ್ದೆ. ಅವರು ತಮಿಳಿನಲ್ಲಿ ಕೇಳಿದ್ದು ಇಷ್ಟೇ: "ತಪ್ಪಾಗಿ ಓದಿದೆ ಅಲ್ವಾಪ್ಪಾ? ಈ ಮಳೆಗೆ ಅಷ್ಟು ತುಂಬೋದು ಸಾಧ್ಯವಿಲ್ಲ. ಸರಿಯಾದ್ದು ಎಷ್ಟು?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮೂರಲ್ಲಿ ನಾಟಿ ಆಗಿದೆಯಾ?" ಎಂದರು.

2025ರಲ್ಲಿ ಕನ್ನಂಬಾಡಿ ಜೂನ್ ತಿಂಗಳಲ್ಲೇ ತುಂಬಿತು. ಆ ದಿನ 124.80 ಎಂದು ಓದುವ ಮುಂಚೆ ಎರಡು ಸಲ ಅಂಕಣ ನೋಡಿಕೊಂಡೆ. ಕೆ.ಆರ್.ಎಸ್. ಆದ ಕೂಡಲೇ ಮೆಟ್ಟೂರು, ಕೊನೆಗೆ ವೀರಾಣಂ. ಈಗ ಈ ಕ್ರಮದಲ್ಲೇ ಓದುತ್ತಿದ್ದೇನೆ. ಪೆರಂಬೂರಿನ ಹಿರಿಯರು ಅಂದು ಫೋನ್ ಮಾಡಿ, "ಈ ಸಲ ನಿಜ ತಾನೇ?" ಎಂದು ಕೇಳಿದರು.